ಜನರಲ್ಲರ ಕುದುರೆ ಊರಿಗೆ ಹೋದದ್ದು

ಅತಿಥಿಗೆ ಕುದುರೆ ಕೊಡುವುದು ನಮ್ಮ ಮಂಗೋಲಿಯಾದಲ್ಲಿ ಹಳೆಯ ಪದ್ಧತಿ. ಕೊಟ್ಟ ಕುದುರೆಯನ್ನು ಅತಿಥಿ ಒಯ್ಯುವುದಿಲ್ಲ ಎಂಬುದು ಅಷ್ಟೇ ಹಳೆಯ ತಿಳಿವಳಿಕೆ. ಹೊರದೇಶದ ಮಂತ್ರಿಯೋ ಸೇನಾಪತಿಯೋ ಬರುತ್ತಾರೆ, ಲಗಾಮು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಕುದುರೆಗೊಂದು ಹೆಸರಿಟ್ಟು ವಿಮಾನ ಹತ್ತುತ್ತಾರೆ. ಕುದುರೆ ಕೊಟ್ಟವನ ಮಂದೆಯಲ್ಲೇ ಮೇಯುತ್ತಿರುತ್ತದೆ. ಮತ್ತೆ ಯಾರೂ ಅದರ ಸುದ್ದಿ ಎತ್ತುವುದಿಲ್ಲ.

ಅಮೆರಿಕದ ಜನರಲ್ ವಿಟ್‌ಕಾಂಬ್ ಎತ್ತಿದರು.

ಮೂರು ವರ್ಷದ ಹಿಂದೆ ಜಂಟಿ ಸೇನಾ ತಾಲೀಮಿಗೆ ಬಂದಿದ್ದಾಗ ಅವರಿಗೆ ಮುದುಕ ಗೊಂಚಿಗ್ ನಾಲ್ಕು ವರ್ಷದ ಕೆಂದು ಕುದುರೆಯೊಂದನ್ನು ಕೊಟ್ಟಿದ್ದ. ಅವರು ಅದಕ್ಕೆ ಡಕೋಟಾ ಎಂದು ಹೆಸರಿಟ್ಟರು. ಅವರ ಕಡೆಯ ನಿಯಮದಂತೆ ಅಧಿಕಾರಿಗೆ ಬಂದ ದೊಡ್ಡ ಉಡುಗೊರೆ ಸರ್ಕಾರದ ಸ್ವತ್ತಂತೆ. ಸ್ವತ್ತು ಎಂದಮೇಲೆ ಒಂದು ಕಡತ, ಕಡತ ಎಂದಮೇಲೆ ಆರು ತಿಂಗಳಿಗೊಂದು ವರದಿ. ಆ ವರದಿ ಬರೆಯುವುದು ನನ್ನ ಪಾಲಿಗೆ ಬಂತು. ನಾನು ಕ್ಯಾಪ್ಟನ್ ದೋಲ್ಗೋರ್, ಸೇನೆಯ ಪಶುವೈದ್ಯೆ. ಕುದುರೆಯ ಭುಜದ ಎತ್ತರ ನೂರ ಮೂವತ್ತೆಂಟು ಸೆಂಟಿಮೀಟರ್, ನಾಡಿ ನಿಮಿಷಕ್ಕೆ ಮೂವತ್ತಾರು, ಹಣೆಯ ಸುಳಿ ಎಡಗಣ್ಣಿಗಿಂತ ಎರಡು ಬೆರಳು ಮೇಲೆ, ಹಿಂದಿನ ಎಡಗಾಲಿನ ಗೊರಸಿನ ಮೇಲೆ ಬಿಳಿ ಪಟ್ಟಿ. ಐದು ವರದಿಗಳಲ್ಲೂ ಒಂದಂಕಿ ಆಚೀಚೆಯಾಗಿಲ್ಲ.

ಆರನೆಯ ವರದಿಗೆ ಮೊದಲೇ ಜನರಲ್ಲರು ತಾವೇ ಬರುವುದಾಗಿ ಸುದ್ದಿ ಬಂತು. ಶುಕ್ರವಾರ ಹೊಸ ತಾಲೀಮಿನ ಒಪ್ಪಂದಕ್ಕೆ ಸಹಿ. ಗುರುವಾರ ಕುದುರೆಯ ಭೇಟಿ. ಬುಧವಾರ ಮಧ್ಯಾಹ್ನ ನಾನೂ ಸಚಿವಾಲಯದ ಕರ್ನಲ್ ಬಾದ್ರಾಲರೂ ಗೊಂಚಿಗನ ಗೆರ್‌ಗೆ ಹೋದೆವು. ಉಣ್ಣೆಹಾಸಿನ ಗುಡಾರದ ಮುಂದೆ ಮುದುಕ ಚಿಲುಮೆ ಸೇದುತ್ತ ಕೂತಿದ್ದ.

"ಎಲ್ಲಿ ಅಜ್ಜ, ಕುದುರೆ?" ಎಂದರು ಕರ್ನಲ್.

"ಊರಿಗೆ ಹೋಯ್ತು."

"ಯಾವ ಊರಿಗೆ?"

"ಅದರ ಊರಿಗೆ. ಮೂಡಣ ಸೀಮೆ ದಾರಿಗಂಗಕ್ಕೆ. ಎರಡು ವರ್ಷದ ಮರಿ ಇದ್ದಾಗ ನನ್ನ ಭಾವಮೈದ ಅಲ್ಲಿಂದ ತಂದುಕೊಟ್ಟಿದ್ದ."

"ದಾರಿಗಂಗ ಇಲ್ಲಿಂದ ಆರುನೂರು ಕಿಲೋಮೀಟರು!"

"ಹೂಂ. ಹದಿನೆಂಟು ದಿನ ಹಿಡೀತು. ಭಾವಮೈದ ಫೋನ್ ಮಾಡಿದ್ದ, 'ಭಾವಾ, ನಿನ್ನ ಅಮೆರಿಕದವನು ನಮ್ಮ ಬುಗ್ಗೇಲಿ ನೀರು ಕುಡೀತಾ ನಿಂತಿದಾನೆ, ಕರ್ಕೊಂಡು ಹೋಗು' ಅಂತ. ಎರಡು ಸಲ ಹೋಗಿ ಕರ್ಕೊಂಡು ಬಂದೆ. ಎರಡು ಸಲಾನೂ ಬೆನ್ನು ತಿರುಗಿಸೋದ್ರೊಳಗೆ ಹೊರಟುಹೋಯ್ತು."

"ಕಾಲಿಗೆ ಕಟ್ಟು ಹಾಕೋದಲ್ವಾ?"

ಮುದುಕ ಚಿಲುಮೆಯನ್ನು ಬಾಯಿಂದ ತೆಗೆದ. "ಅತಿಥಿ ಕುದುರೆ ಕಣಪ್ಪ ಅದು. ನಮ್ಮಪ್ಪನ ಕಾಲದಿಂದ ಅತಿಥಿ ಕುದುರೆಗೆ ಕಟ್ಟು ಹಾಕಿಲ್ಲ, ಅದರ ಬೆನ್ನಿಗೆ ಜೀನು ಹಾಕಿಲ್ಲ. ಈಗ ಹಾಕ್ಲಾ?"

ಕರ್ನಲ್ಲರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಒಪ್ಪಂದಕ್ಕಾಗಿ ಎರಡು ವರ್ಷ ಓಡಾಡಿದವರು ಅವರು. "ಅಜ್ಜ, ನಮ್ಮ ಪಾಡು ನಿಂಗೆ ಗೊತ್ತು. ಬಡಗಡೆ ಒಂದು ದೊಡ್ಮನೆ, ತೆಂಕಡೆ ಒಂದು ದೊಡ್ಮನೆ. ಅದಕ್ಕೇ ಸಮುದ್ರದಾಚೆಯವನನ್ನ ಮೂರನೇ ನೆರೆಯವನು ಅಂತ ಕರ್ಕೊಂಡು ಬಂದಿದೀವಿ. ಅವನು ಬಂದು ನನ್ನ ಕುದುರೆ ಎಲ್ಲಿ ಅಂದ್ರೆ ಓಡಿಹೋಯ್ತು ಅನ್ನೋದಾ?"

"ಅದು ನಿನ್ನ ಚಿಂತೆ. ನನ್ನದು ಬೇರೆ," ಎಂದ ಮುದುಕ. "ಕೊಟ್ಟ ಕುದುರೆ ತೋರಿಸಕ್ಕಾಗದವನು ಕೊಟ್ಟು ಕಿತ್ಕೊಂಡವನ ಸಮ. ಎಪ್ಪತ್ತೊಂದು ವರ್ಷದಲ್ಲಿ ಒಬ್ರ ಕೈಲೂ ಆ ಮಾತು ಅನ್ನಿಸ್ಕೊಂಡಿಲ್ಲ ನಾನು. ನಾಳೆ ಏನು ಮುಖ ಇಟ್ಕೊಂಡು ಅವನ ಮುಂದೆ ನಿಂತ್ಕೊಳ್ಳಲಿ?"

ಅಷ್ಟರಲ್ಲಿ ಕರ್ನಲ್ಲರ ಕಣ್ಣು ಮಂದೆಯಲ್ಲಿದ್ದ ಇನ್ನೊಂದು ಕೆಂದು ಕುದುರೆಯ ಮೇಲೆ ಬಿತ್ತು. ಬಣ್ಣ ಅದೇ, ಮೈಕಟ್ಟು ಅದೇ. ನಾನು ಅಳೆದೆ: ನೂರ ಮೂವತ್ತೇಳೂವರೆ. ಸುಳಿ ಒಂದು ಬೆರಳು ಕೆಳಗೆ. ವಯಸ್ಸು ನಾಲ್ಕು. ಬಿಳಿ ಪಟ್ಟಿ ಇಲ್ಲ.

"ಪಟ್ಟಿ ಬರುತ್ತೆ," ಎಂದು ಕರ್ನಲ್ಲರು ತಮ್ಮ ಚೀಲದಿಂದ ಟೂತ್‌ಪೇಸ್ಟ್ ತೆಗೆದರು.

"ಸುಳ್ಳನ್ನ ನನ್ನ ಬಾಯಿಂದ ಆಡಿಸ್ಬೇಡ, ಹೇಳಿದೀನಿ," ಎಂದ ಮುದುಕ.

"ನೀನು ಬಾಯೇ ಬಿಡ್ಬೇಡ ಅಜ್ಜ. ದುಭಾಷಿ ದೋಲ್ಗೋರ್ ಇದಾಳೆ."

"ಸರ್, ನಾನು ವರದಿ ಬರೆಯೋಳು," ಎಂದೆ.

"ನಾಳೆ ಬರೀಬೇಡ. ಬರೀ ಮಾತಾಡು."

ಗುರುವಾರ ಬೆಳಿಗ್ಗೆ ಜನರಲ್ಲರು ಬಂದರು. ಎತ್ತರದ ಆಳು. ಗೊಂಚಿಗ್ ನೀಲಿ ರೇಷ್ಮೆಯ ಹದಗ್ ಶಾಲು ಹಿಡಿದು ಸ್ವಾಗತಿಸಿದ, ಹುಳಿಬಂದ ಕುದುರೆಹಾಲಿನ ಬಟ್ಟಲು ಕೊಟ್ಟ. ಆದರೆ ಕಣ್ಣೆತ್ತಿ ನೋಡಲಿಲ್ಲ. ನಶ್ಯದ ಬುಡ್ಡಿಯನ್ನೂ ಹೊರತೆಗೆಯಲಿಲ್ಲ. ಗೆಳೆತನವಿದ್ದಲ್ಲಿ ಮೊದಲು ಕೈ ಬದಲಾಯಿಸುವುದೇ ಆ ಬುಡ್ಡಿ. ಜನರಲ್ಲರು ಅದನ್ನು ಗಮನಿಸಿದರು ಎಂದು ನನಗನ್ನಿಸಿತು. ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿ ಅವರು ಕುದುರೆಯತ್ತ ನಡೆದರು.

"ಡಕೋಟಾ! ಚೆನ್ನಾಗಿದ್ದಾನಲ್ಲ. ಈಗ ವಯಸ್ಸೆಷ್ಟು?"

"ಏಳು ಅನ್ನು," ಎಂದು ಕರ್ನಲ್ಲರು ನನ್ನ ಕಿವಿಯಲ್ಲಿ ಉಸುರಿದರು.

"ತಮಗೆ ಉಡುಗೊರೆ ಕೊಟ್ಟ ಕುದುರೆಗೆ ಈಗ ಏಳು ವರ್ಷ," ಎಂದೆ. ಆ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಜನರಲ್ಲರು ಹುಟ್ಟಿ ಬೆಳೆದದ್ದೇ ಕುದುರೆಗಳ ನಡುವೆ ಎಂಬುದು ನಮ್ಮ ಯಾವ ಕಡತದಲ್ಲೂ ಇರಲಿಲ್ಲ. ಕುದುರೆಯ ದವಡೆಗೆ ಹೆಬ್ಬೆರಳು ಕೊಟ್ಟು ಬಾಯಿ ತೆರೆಸಿದರು. ಬಗ್ಗಿ ನೋಡಿದರು. ನನಗೂ ಕಾಣುತ್ತಿತ್ತು, ಮೂಲೆಯ ಹಾಲುಹಲ್ಲುಗಳು ಇನ್ನೂ ಬಿದ್ದಿರಲಿಲ್ಲ. ನಾಲ್ಕೂವರೆ ದಾಟಿದ ಯಾವ ಕುದುರೆಯ ಬಾಯಲ್ಲೂ ಅವು ಇರುವುದಿಲ್ಲ.

"ಆಶ್ಚರ್ಯ," ಎಂದರು ಜನರಲ್. "ಮೂರು ವರ್ಷದ ಹಿಂದೆ ನಾಲ್ಕು, ಇವತ್ತೂ ನಾಲ್ಕು. ಇಲ್ಲಿನ ಹುಲ್ಲಲ್ಲಿ ಏನಿದೆ? ನನಗೂ ಒಂದು ಹೊರೆ ಕಟ್ಟಿಕೊಡಿ."

ಅದೇ ಹೊತ್ತಿಗೆ ಗೊಂಚಿಗನ ನಾಯಿ ಬಂದು ಕುದುರೆಯ ಹಿಂದಿನ ಎಡಗಾಲನ್ನು ಬಲು ಪ್ರೀತಿಯಿಂದ ನೆಕ್ಕತೊಡಗಿತು. ಬಿಳಿ ಪಟ್ಟಿ ಕಣ್ಣೆದುರೇ ಕಿರಿದಾಗುತ್ತ ಬಂತು. ಕರ್ನಲ್ಲರು ದೂರದ ಬೆಟ್ಟವನ್ನು ನೋಡತೊಡಗಿದರು.

ಗೊಂಚಿಗ್ ಚಿಲುಮೆಯನ್ನು ಬೂಟಿಗೆ ಕುಟ್ಟಿ ಎದ್ದು ನಿಂತ. "ಮಗಳೇ, ನಾನು ಹೇಳಿದ್ದನ್ನ ಇದ್ದದ್ದು ಇದ್ದಹಾಗೆ ಅವನಿಗೆ ಹೇಳು. ನಿನ್ನ ಕುದುರೆ ತನ್ನ ಊರಿಗೆ ಹೋಗಿದೆ. ಹುಟ್ಟಿದ ಬುಗ್ಗೆ ಹತ್ರ ನಿಂತಿದೆ, ಮೈಕೈ ತುಂಬ್ಕೊಂಡಿದೆ. ಎರಡು ಸಲ ತಂದೆ, ನಿಲ್ಲಲಿಲ್ಲ. ನಾನು ಕಿತ್ಕೊಂಡಿಲ್ಲ. ಆದ್ರೆ ಇವತ್ತು ತೋರಿಸಕ್ಕೂ ನನ್ನ ಹತ್ರ ಇಲ್ಲ. ತಪ್ಪು ನನ್ನದು."

ನಾನು ಹೇಳಿದೆ. ದೂರವನ್ನೂ ದಿನಗಳನ್ನೂ ಲೆಕ್ಕ ಸಮೇತ ಸೇರಿಸಿದೆ: ದಿನಕ್ಕೆ ಸರಾಸರಿ ಮೂವತ್ತಮೂರು ಕಿಲೋಮೀಟರ್, ಸವಾರನಿಲ್ಲದೆ, ದಾರಿ ಯಾರೂ ತೋರಿಸದೆ.

ಜನರಲ್ಲರು ಮೂಡಣ ದಿಕ್ಕಿಗೆ ನೋಡಿದರು. "ಮೂವತ್ತೊಂದು ವರ್ಷ ಸೇವೆ, ಹದಿನಾಲ್ಕು ದೇಶ," ಎಂದರು. "ಈಗ ನಮ್ಮೂರಿಗೆ ಹೋಗಬೇಕಾದರೆ ದಾರಿ ಕೇಳಿಕೊಂಡು ಹೋಗಬೇಕು. ಅದನ್ನು ಮತ್ತೆ ತರಬೇಡಿ. ಅಲ್ಲೇ ಇರಲಿ." ಮತ್ತೆ ನನ್ನತ್ತ ತಿರುಗಿ, "ವರದಿಯಲ್ಲಿ ರಜೆಯ ಮೇಲಿದೆ ಎಂದು ಬರೆಯಿರಿ. ಮಂಜೂರು ಮಾಡಿದವನು ನಾನು," ಎಂದರು.

ಅದನ್ನು ಕೇಳಿ ಮುದುಕನ ಭುಜದ ಭಾರ ಇಳಿಯಿತು. ಎದೆಯ ಮಡಿಕೆಯಿಂದ ನಶ್ಯದ ಬುಡ್ಡಿ ಹೊರಬಂತು. ಎರಡೂ ಕೈಯಿಂದ ನೀಡಿದ. ಜನರಲ್ಲರು ಮೂಸಿ ಏಳು ಸಲ ಸೀನಿದರು. ನಾನು ಎಣಿಸಿದ್ದೇನೆ.

ಆದರೆ ಗೊಂಚಿಗನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. "ಬಂದ ಅತಿಥೀನ ಬರಿಗೈಲಿ ಕಳಿಸೋದುಂಟಾ? ಈ ಕುದುರೆ ನಿನ್ನದು. ಟೂತ್‌ಪೇಸ್ಟ್ ತೊಳ್ದು ಕೊಡ್ತೀನಿ," ಎಂದು ಲಗಾಮನ್ನು ಅವರ ಕೈಗಿಟ್ಟ.

"ಅಯ್ಯೋ, ಇನ್ನೊಂದು ಕಡತ," ಎಂದು ಜನರಲ್ಲರು ಹಣೆ ಚಚ್ಚಿಕೊಂಡು ನಕ್ಕರು. ಕುದುರೆಗೆ ಮೊಂಟಾನಾ ಎಂದು ಹೆಸರಿಟ್ಟರು. ಮರುದಿನ ಒಪ್ಪಂದಕ್ಕೆ ಸಹಿಯೂ ಬಿತ್ತು.

ಆ ಗುರುವಾರ ಜೀಪುಗಳು ಹೋದಮೇಲೆ ನಾನು ಹೊಸ ನಮೂನೆ ತೆರೆದು ಅಂಕಣಗಳನ್ನು ತುಂಬತೊಡಗಿದೆ. ಎತ್ತರ, ನಾಡಿ, ಸುಳಿ.

"ಅಜ್ಜ, ಇದು ಡಕೋಟಾನ ಇಷ್ಟೊಂದು ಹೋಲುತ್ತಲ್ಲ, ಹೇಗೆ?"

"ಹೋಲದೆ ಇನ್ನೇನು? ಒಂದೇ ತಾಯಿ ಮಕ್ಕಳು."

ನನ್ನ ಪೆನ್ನು ನಿಂತಿತು. "ಹಾಗಾದರೆ ಇದು ಹುಟ್ಟಿದ್ದೆಲ್ಲಿ?"

ಮುದುಕ ಮೊಂಟಾನಾನ ಕಾಲಿನ ಕಟ್ಟು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಅತಿಥಿಯ ಕುದುರೆಯಲ್ಲವೆ ಈಗ. ಅದು ಎರಡು ಹೆಜ್ಜೆ ನಡೆದು, ಕಿವಿ ನಿಮಿರಿಸಿ, ಮೂಡಣ ದಿಕ್ಕಿಗೆ ಮುಖ ಮಾಡಿ ನಿಂತಿತ್ತು.