ಏಳನೇ ನಂಬರಿನ ನೌಕರ

ಉಗ್ರಾಣದ ಮುಖ್ಯಸ್ಥನ ಹುದ್ದೆ ಖಾಲಿಯಿತ್ತು. ಕಂಪ್ಯೂಟರಿನಲ್ಲಿ ಇಬ್ಬಿಬ್ಬರ ತಂಡಗಳಿಗೆ ಆಡಿಸುವ ವ್ಯಾಪಾರದಾಟದಲ್ಲಿ ಗೆದ್ದ ತಂಡದ ನಾಯಕನಿಗೇ ಅದು ಎಂದು ಮ್ಯಾನೇಜರು ಸಾರಿದ್ದರು. ಹನ್ನೆರಡು ವರ್ಷದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಗುಮಾಸ್ತ, ಅಲ್ಲೇ ದುಡಿಯುವ ತನ್ನ ಅಕ್ಕನ ಗಂಡನನ್ನು ಜೊತೆಗಾರನಾಗಿ ಕೂರಿಸಿಕೊಂಡ.

ಆಟದಲ್ಲೂ ಒಂದು ಉಗ್ರಾಣವಿತ್ತು. ನೌಕರರಿಗೆ ಹೆಸರಿರಲಿಲ್ಲ, ನಂಬರು ಮಾತ್ರ. ಕೊನೆಯ ಸುತ್ತಿನಲ್ಲಿ ಒಬ್ಬನನ್ನು ತೆಗೆಯಬೇಕಿತ್ತು. ಏಳನೆಯವನು ಬಂದ ಸರಕನ್ನು ಮೂರು ದಿನ ತಡವಾಗಿ ದಾಖಲಿಸುತ್ತಾನೆ ಎಂದು ವರದಿ ತೋರಿಸಿತು.

"ಇಂಥ ಸೋಮಾರೀನ ಯಾಕೋ ಸಾಕ್ತೀಯ?" ಎಂದ ಭಾವ, ತಾನೇ ಗುಂಡಿ ಒತ್ತಿದ.

ಗೆದ್ದ ಮೇಲೆ ಮ್ಯಾನೇಜರು ಗುಮಾಸ್ತನನ್ನಷ್ಟೇ ಒಳಗೆ ಕರೆದರು.

"ಆಟಕ್ಕೆ ಹಾಕಿದ್ದು ನಮ್ಮದೇ ಉಗ್ರಾಣದ ಲೆಕ್ಕ ಕಣ್ರೀ. ಏಳನೆಯವರು ನಿಮ್ಮ ಭಾವ. ಪೆಟ್ಟಿಗೆಗಳನ್ನ ಎರಡೆರಡು ಸಲ ಎಣಿಸದೆ ಅವರು ದಾಖಲೆ ಮಾಡಲ್ಲ. ಒಂದು ದಿನವೂ ಎಣಿಕೆ ತಪ್ಪಿಲ್ಲ, ನಿಜ. ಆದ್ರೆ ಅದಕ್ಕೆ ಆಟದಲ್ಲಿ ಕಾಲಂ ಇಲ್ಲ. ಆಟದಲ್ಲಿ ತೆಗೆದವರನ್ನ ಇಲ್ಲೂ ತೆಗೀಬೇಕು. ಮುಖ್ಯಸ್ಥರಾಗಿ ಈ ವಜಾ ಪತ್ರಕ್ಕೆ ನೀವೇ ಸಹಿ ಹಾಕಿ. ಆಗಲ್ಲ ಅಂದ್ರೆ ಕುರ್ಚಿ ಎರಡನೇ ಸ್ಥಾನದ ತಂಡಕ್ಕೆ."

ಗುಮಾಸ್ತ ಪೆನ್ನು ಕೇಳಿದ.

ಹೊರಗೆ ಭಾವ ಕಾಯುತ್ತಿದ್ದ. "ಕುರ್ಚಿ ಸಿಕ್ತೇನೋ?"

"ಸಿಕ್ತು ಭಾವ."

"ನನಗೇನೂ ಇಲ್ವಾ?"

ಗುಮಾಸ್ತ ಮ್ಯಾನೇಜರು ಕೊಟ್ಟ ಲಕೋಟೆಯನ್ನು ಅವನ ಜೇಬಿಗೆ ತುರುಕಿದ. "ಇದೆ. ಮನೆಗೆ ಹೋಗಿ, ಅಕ್ಕನ ಮುಂದೆ ಒಡೀರಿ."