ಬಚ್ಚಲೊಲೆಯ ಇಟ್ಟಿಗೆಗಳು

ಹೊಸ ಟೈಲ್ಸ್ ಹಾಕಿಸಲೆಂದು ಬಾಲರಾಜ್ ಯಲಹಂಕದ ಮನೆಯ ಬಚ್ಚಲೊಲೆ ಕೀಳಿಸಿದ. ಅವ್ವ ಮುನಿಕೆಂಪಮ್ಮ ಚಳಿಗಾಲವಿಡೀ ಮೈ ಕಾಯಿಸಿಕೊಳ್ಳುತ್ತಿದ್ದುದು ಅದರ ಮುಂದೆಯೇ. ಅವಳಿಗೊಂದು ರೂಮ್ ಹೀಟರ್ ತರಲು ಅವನು ಮೂರು ವಾರ ಅಂಗಡಿ ಅಂಗಡಿ ಅಲೆದ. ಫ್ಯಾನಿನದೋ, ಎಣ್ಣೆಯದೋ ತೀರ್ಮಾನವಾಗಲಿಲ್ಲ. ಮನೆಗೆ ಬಂದು ಅಂಗಡಿಯವನ ದನಿಯಲ್ಲೇ, "ಅಮ್ಮಾವ್ರೇ, ಇದು ಗಾಳಿ ತಿನ್ನಲ್ಲ, ಕರೆಂಟ್ ಕುಡಿಯಲ್ಲ!" ಎಂದು ಅಣಕಿಸುತ್ತಿದ್ದ.

ಅವ್ವ ನಕ್ಕಳು. "ಯಾವ್ದಾನ ತಗಂಬಾರ್ಲಾ, ಕಾಲು ಮರಗಟ್ಟೈತೆ."

"ಧನುರ್ಮಾಸ ಕಳೀಲಿ ಕಣವ್ವ. ಈ ತಿಂಗ್ಳು ಹೊಸ ವಸ್ತು ತರಬಾರ್ದು ಅಂತ ನೀನೇ ಅಂತಿದ್ದೆ."

ಸಂಕ್ರಾಂತಿಗೆ ಎರಡು ದಿನವಿರುವಾಗ ಅವ್ವ ಏಳಲೇ ಇಲ್ಲ. ಹೆಣದ ಸ್ನಾನಕ್ಕೆ ನೀರನ್ನು ಮನೆಯಾಚೆಯೇ ಕಾಯಿಸಬೇಕಲ್ಲ. ಹಿತ್ತಲಲ್ಲಿ ಬಿದ್ದಿದ್ದ ಆ ಬಚ್ಚಲೊಲೆಯ ಇಟ್ಟಿಗೆಗಳನ್ನೇ ಜೋಡಿಸಿ ನೆಂಟರು ಬೆಂಕಿ ಹಾಕಿದರು. ಬಾಲರಾಜ್ ಅದರ ಮುಂದೆ ಕುಕ್ಕರಿಸಿದ. ಅವನ ಮೈ ಬೆಚ್ಚಗಾಯಿತು. ಅದನ್ನೇ ಅವನು ತಾಳಲಾರದೆ ಹೋದ.