ಇಳಿಯದ ತುತ್ತು

ಹೊಸಬಾಳೆಯ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದ ಹುಲಿಗೆಮ್ಮನಿಗೆ ತಾನು ಮಾಡಿದ ಅಡುಗೆಯೇ ಗಂಟಲಿಳಿಯದೆ ಒಂದೂವರೆ ವರ್ಷವಾಗಿತ್ತು. ಮೊದಮೊದಲು ಅನ್ನ ಮಾತ್ರ ಎದೆಯ ನಡುವೆ ಎಲ್ಲೋ ನಿಂತಂತಾಗುತ್ತಿತ್ತು. ಎದ್ದು ನಿಂತು, ಎರಡು ಲೋಟ ನೀರು ಕುಡಿದು, ಬೆನ್ನು ಸೆಟೆಸಿ ಉಸಿರು ಬಿಗಿ ಹಿಡಿದರೆ ಜಾರಿ ಕೆಳಗೆ ಹೋಗುತ್ತಿತ್ತು. ಆಮೇಲಾಮೇಲೆ ನೀರೂ ನಿಲ್ಲತೊಡಗಿತು. ಮಲಗಿದರೆ ಉಂಡದ್ದು ಬಾಯಿಗೆ ಬಂದು ಕೆಮ್ಮು ಹತ್ತುತ್ತಿತ್ತು. ಕೇಳಿದವರೆಲ್ಲ ಗ್ಯಾಸ್ ಎಂದರು. ಮಾತ್ರೆ ನುಂಗಿದಳು, ಜೀರಿಗೆ ಕಷಾಯ ಕುಡಿದಳು, ಬೇಳೆ ಬಿಟ್ಟಳು, ಖಾರ ಬಿಟ್ಟಳು. ಹನ್ನೆರಡು ಕಿಲೋ ಇಳಿದಳು.

ಈ ಅವಸ್ಥೆ ಮನೆಯೊಳಗೇ ಇದ್ದಿದ್ದರೆ ಇನ್ನೂ ಕೆಲವು ದಿನ ತಳ್ಳುತ್ತಿದ್ದಳೇನೋ. ಆದರೆ ಗಂಡನ ಅಕ್ಕ ವನಜಮ್ಮ ಜಡೆಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಪಂಕ್ತಿಯಲ್ಲಿ ಕೂತು ನಾಲ್ಕು ತುತ್ತು ಉಂಡದ್ದೇ ತಡ, ಹುಲಿಗೆಮ್ಮ ಎಲೆ ಬಿಟ್ಟೆದ್ದು ಹಿತ್ತಲಿಗೆ ಓಡಿದಳು. ನಾಲ್ಕೂ ತುತ್ತು ಆಚೆ ಬಂದವು. ತಿರುಗಿದರೆ ಬಾಗಿಲಲ್ಲಿ ವನಜಮ್ಮ ನಿಂತಿದ್ದಳು.

"ನಮ್ಮನೆ ಊಟ ಅಷ್ಟು ಹೇಸಿಗೆ ಆತಾ ನಿಂಗೆ? ನೂರು ಜನದ ಮುಂದೆ?"

"ಹಂಗಲ್ಲ ಅತ್ತಿಗೆ, ನಂಗೆ ಇಳಿಯಾದೇ ಇಲ್ಲ..."

"ಶಾಲೆಲಿ ದಿನಾ ರುಚಿ ನೋಡ್ತೀಯಲ್ಲ, ಅದು ಹೆಂಗೆ ಇಳೀತದೆ?"

ಹುಲಿಗೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾಲಿಗೆಗೆ ಸೋಕಿಸಿ ಉಗುಳುತ್ತೇನೆ ಎಂದು ಹೇಗೆ ಹೇಳುವುದು? ಆವತ್ತಿನಿಂದ ವನಜಮ್ಮ ಫೋನ್ ಮಾಡುವುದನ್ನೂ ಬಿಟ್ಟಳು.

ಗಂಡ ಕೆಂಪಪ್ಪನ ತಲೆಯಲ್ಲಿ ಕ್ಯಾನ್ಸರ್ ಎನ್ನುವ ಪದ ಹೊಕ್ಕಿತ್ತು. ಬಾಯಿ ಬಿಟ್ಟು ಅನ್ನಲಿಲ್ಲ. ಆದರೆ ಹೆಂಡತಿಯ ಎದುರು ಕೂತು ಉಣ್ಣುವುದನ್ನು ನಿಲ್ಲಿಸಿಬಿಟ್ಟ. ಒಂದು ದಿನ ಅವನ ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿದದ್ದು ಕಂಡು ಅವಳಿಗೆ ರೇಗಿತು.

"ನೀವು ಉಪಾಸ ಬಿದ್ರೆ ನನ್ನ ಅನ್ನ ಇಳೀತದಾ? ನಾಳೆ ಶಿಕಾರಿಪುರಕ್ಕೆ ಹೋಗನ. ಏನಿದ್ರೂ ಗೊತ್ತಾಗ್ಲಿ."

ಶಿಕಾರಿಪುರದ ಡಾಕ್ಟರ್ ಗುರುಪ್ರಕಾಶ್ ಹೊಟ್ಟೆ ಮುಟ್ಟುವ ಮೊದಲು ಬಹಳ ಪ್ರಶ್ನೆ ಕೇಳಿದರು. ಬಾಯಿಗೆ ವಾಪಸ್ ಬಂದದ್ದು ಹುಳಿ ಇರುತ್ತದೆಯೇ, ಕಹಿ ಇರುತ್ತದೆಯೇ ಎಂದರು. ಇಷ್ಟು ದಿನದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಆದರೆ ಅಡುಗೆಯವಳಿಗೆ ರುಚಿಯ ಲೆಕ್ಕ ತಪ್ಪುವುದುಂಟೇ?

"ಹುಳಿ ಇಲ್ಲ ಸರ್, ಕಹಿನೂ ಇಲ್ಲ. ಉಂಡಿದ್ದು ಹೆಂಗಿತ್ತೋ ಹಂಗೇ ಬರ್ತದೆ. ಬೆಳಿಗ್ಗೆ ತಿಂದ ಅವಲಕ್ಕಿ ಮಧ್ಯಾಹ್ನನೂ ಅವಲಕ್ಕಿನೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಂಗಾದ್ರೆ ಅದು ಹೊಟ್ಟೆಗೇ ಹೋಗಿಲ್ರೀ. ಹೊಟ್ಟೆ ಮುಟ್ಟಿದ್ರೆ ಹುಳಿ ಆಗ್ಲೇಬೇಕು. ನೀವು ಇಷ್ಟು ದಿನ ಹೊಟ್ಟೆಗೆ ಔಷಧ ಮಾಡೀರಿ, ತೊಂದ್ರೆ ಅದರ ಬಾಗ್ಲಲ್ಲೇ ಐತಿ."

ಮೊದಲು ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು. ಗಡ್ಡೆ ಇರಲಿಲ್ಲ. ಕೆಂಪಪ್ಪ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಮರುದಿನ ಎಕ್ಸ್‌ರೇ ಕೋಣೆಯಲ್ಲಿ ಹುಲಿಗೆಮ್ಮನನ್ನು ನಿಲ್ಲಿಸಿ ಕದಡಿದ ಸುಣ್ಣದ ನೀರಿನಂಥ ಬಿಳಿ ದ್ರವ ಕುಡಿಸಿದರು. ಪರದೆಯ ಮೇಲೆ ಅದು ಎದೆಯುದ್ದಕ್ಕೂ ದಪ್ಪಗೆ ತುಂಬಿ ನಿಂತಿತು. ಕೆಳಗೆ ಮೂಲಂಗಿಯ ತುದಿಯ ಹಾಗೆ ಸಪೂರವಾಗಿ, ಎಳೆಯಷ್ಟು ಮಾತ್ರ ಹೊಟ್ಟೆಗೆ ಸೋರುತ್ತಿತ್ತು.

"ಅನ್ನನಾಳ ಅಂದ್ರೆ ಬರೀ ಪೈಪಲ್ಲ, ಅದೂ ಸ್ನಾಯುನೇ," ಎಂದರು ಗುರುಪ್ರಕಾಶ್. "ಮೇಲಿಂದ ಹಿಂಡಿ ಹಿಂಡಿ ತುತ್ತನ್ನ ಕೆಳಗೆ ತಳ್ತೈತಿ. ಮಲಕ್ಕೊಂಡು ನುಂಗಿದ್ರೂ ಹೊಟ್ಟೆಗೇ ಹೋಗೋದು ಅದಕ್ಕೇ. ತುತ್ತು ಬಂದಾಗ ಕೆಳಗಿನ ಸ್ನಾಯು ಸಡಿಲ ಆಗಿ ದಾರಿ ಬಿಡಬೇಕು. ನಿಮ್ಮದು ಮೇಲೆ ತಳ್ಳಾದು ಬಿಟ್ಟೈತಿ, ಕೆಳಗೆ ಬಿಗಿ ಹಿಡಿದು ಕೂತೈತಿ."

"ನಾನು ಎಂಥ ತಿಂದು ಹಿಂಗಾತು ಸರ್?"

"ಏನೂ ತಿಂದಲ್ಲ. ಅಲ್ಲಿನ ನರ ಸತ್ತಾವೆ. ಯಾಕೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ."

ಹುಲಿಗೆಮ್ಮ ತನ್ನ ತೋಳು ನೋಡಿಕೊಂಡಳು. ಸಾಂಬಾರು ತುಂಬಿದ ಪಾತ್ರೆಯನ್ನು ಒಲೆಯಿಂದ ಇಳಿಸಬಲ್ಲ ತೋಳು. ಎತ್ತು ಅಂದರೆ ಎತ್ತುತ್ತಿತ್ತು, ಬಿಡು ಅಂದರೆ ಬಿಡುತ್ತಿತ್ತು. ಅದೇ ಮೈಯೊಳಗಿನ ಇನ್ನೊಂದು ಸ್ನಾಯು ಒಂದೂವರೆ ವರ್ಷದಿಂದ ಯಾರ ಮಾತೂ ಕೇಳದೆ ಮುಷ್ಟಿ ಕಟ್ಟಿತ್ತು. ಅವಳಿಗೆ ಸಿಟ್ಟು ಬಂತು, ಅದರ ಜೊತೆಗೇ ಸಮಾಧಾನವೂ ಆಯಿತು. ತಪ್ಪು ತನ್ನ ನಾಲಿಗೆಯದಲ್ಲ, ಮನಸ್ಸಿನದೂ ಅಲ್ಲ.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ಐದು ಸಣ್ಣ ತೂತು ಮಾಡಿ, ಅನ್ನನಾಳದ ಒಳಪದರ ಮುಟ್ಟದೆ, ಬಿಗಿ ಹಿಡಿದ ಸ್ನಾಯುವನ್ನಷ್ಟೇ ಉದ್ದಕ್ಕೆ ಸೀಳಿ ಬಿಟ್ಟರು. ಮೂರನೆಯ ದಿನ ವನಜಮ್ಮ ಫ್ಲಾಸ್ಕು ಹಿಡಿದು ವಾರ್ಡಿಗೆ ಬಂದಳು. ತಮ್ಮ ಕೆಂಪಪ್ಪ ಎಲ್ಲ ಹೇಳಿದ್ದ. ಮಂಚದ ಪಕ್ಕ ಕೂತು ಸೆರಗಿನ ತುದಿ ಸುತ್ತಿದಳು.

"ಆವತ್ತೇ ಸರಿಯಾಗಿ ಹೇಳಬೌದಿತ್ತಲ್ಲ ಮಾರಾಯ್ತಿ."

"ನಂಗೇ ಗೊತ್ತಿದ್ರೆ ತಾನೆ ಅತ್ತಿಗೆ, ಹೇಳದು?"

"ನಾನೂ ಕೇಳ್ಲಿಲ್ಲ ಬಿಡು. ಬಾಯಿಗೆ ಬಂದಿದ್ದು ಅಂದೆ." ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. "ಗಂಜಿ ತಿಳಿ. ಡಾಕ್ಟ್ರನ್ನ ಕೇಳೇ ತಂದೀನಿ, ಕುಡಿ."

ಹುಲಿಗೆಮ್ಮ ಒಂದು ಗುಟುಕು ಕುಡಿದು, ಅಭ್ಯಾಸಬಲದಿಂದ ಎದೆಗೆ ಕೈ ಇಟ್ಟು ಕಾದಳು. ಬೆಚ್ಚಗಿನದೊಂದು ಎಳೆ ಎಲ್ಲಿಯೂ ತಡೆಯದೆ ಕೆಳಗಿಳಿದುಹೋಯಿತು. ಅವಳ ಕಣ್ಣು ತುಂಬಿತು. ವನಜಮ್ಮ ಗಾಬರಿಯಾಗಿ ನರ್ಸನ್ನು ಕೂಗಿದಳು.

ಎರಡು ತಿಂಗಳು ಭಾರ ಎತ್ತಕೂಡದು ಎಂದಿದ್ದರು. ಶಾಲೆಯಲ್ಲಿ ಜೊತೆಯ ಅಡುಗೆಯವಳು ಸುನಿತಾ ಪಾತ್ರೆ ಇಳಿಸಿದಳು, ಹುಲಿಗೆಮ್ಮ ತರಕಾರಿ ಹೆಚ್ಚಿದಳು. ಮೂರನೆಯ ತಿಂಗಳು ಗಂಡ ಹೆಂಡಿರು ಮತ್ತೆ ಶಿಕಾರಿಪುರಕ್ಕೆ ಹೋದರು. ತೂಕ ನಾಲ್ಕು ಕಿಲೋ ಏರಿತ್ತು. ಗುರುಪ್ರಕಾಶ್ ಮುಚ್ಚುಮರೆ ಮಾಡಲಿಲ್ಲ. "ಬಾಗ್ಲು ತೆಗೆದೀವಿ ಅಷ್ಟೇ. ತಳ್ಳೋ ಶಕ್ತಿ ವಾಪಸ್ ಬರಲ್ಲ. ನೆಟ್ಟಗೆ ಕೂತು ನಿಧಾನ ಉಣ್ರಿ, ಮೇಲೆ ನೀರು ಕುಡೀರಿ. ಉಂಡ ತಕ್ಷಣ ಮಲಗಬ್ಯಾಡ್ರಿ. ಇನ್ಮೇಲೆ ಹೊಟ್ಟೆಯ ಹುಳಿ ಮೇಲೆ ಬರಬಹುದು, ಮಾತ್ರೆ ಬಿಡಬ್ಯಾಡ್ರಿ."

ಅಷ್ಟಾದರೆ ಸಾಕು ಎಂದು ಅವಳು ತಲೆಯಾಡಿಸಿದಳು.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಬ್ಬರೂ ಖಾಲಿ ದೋಸೆ ತರಿಸಿದರು. ಕೆಂಪಪ್ಪನದು ಐದು ನಿಮಿಷದಲ್ಲಿ ಮುಗಿಯಿತು. ಹುಲಿಗೆಮ್ಮ ಗೋಡೆಗೆ ಒರಗದೆ ನೆಟ್ಟಗೆ ಕೂತು, ಚೂರು ಚೂರೇ ಅಗಿದು, ನಡುನಡುವೆ ನೀರು ಕುಡಿಯುತ್ತಿದ್ದಳು. ಶಿರಾಳಕೊಪ್ಪದ ಬಸ್ಸು ಬಂದು ನಿಂತಿತು. ಕೆಂಪಪ್ಪ ಏಳಲು ಹೊರಟ.

"ಮುಂದಿನ ಬಸ್ಸಿಗೆ ಹೋಗನ ಕೂರ್ರಿ," ಎಂದಳು ಅವಳು. ಆಮೇಲೆ ಹೋಟೆಲಿನವನ ಕಡೆ ತಿರುಗಿ, "ಇನ್ನೊಂದು ಖಾಲಿ ದೋಸೆ ಹಾಕಪ್ಪಾ, ಚಟ್ನಿ ಜಾಸ್ತಿ ಇರ್ಲಿ," ಎಂದಳು.